ಗಂಜಿಯ ಮೇಲಿನ ಎರಡು ಗೆರೆ

ಕಳೆದ ವಾರ ನನ್ನ ಜೀವನದ ಅತ್ಯುತ್ತಮ ವಾದ ಮಂಡಿಸಿದೆ. ಎದುರು ಪಕ್ಷ ಮಾತು ನಿಲ್ಲಿಸಿತು. ತೀರ್ಪು ಕೊಡಬೇಕಾದವರು ತಲೆಯಾಡಿಸಿದರು. ಅಷ್ಟರಲ್ಲಿ, ನಾನು ಯಾರ ಪರವಾಗಿ ಗಂಟಲು ಒಣಗಿಸಿಕೊಂಡಿದ್ದೆನೋ ಅವರೇ ಎದ್ದು ನಿಂತು ಇವಳು ಹೇಳಿದ್ದು ಸುಳ್ಳು ಅಂದುಬಿಟ್ಟರು.

ನಿಮಗೆ ಗೊತ್ತಿರುವಂತೆ ನಾನು ಕಾಲೇಜಿನ ದಿನಗಳನ್ನು ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೆಯೇ ಕಳೆದವಳು. ಈಗ ಶಿರಸಿಯಲ್ಲಿ ಪಿಯು ಮಕ್ಕಳಿಗೆ ಅದೇ ಜಗಳವನ್ನು ಶಿಸ್ತಾಗಿ ಆಡುವುದು ಹೇಗೆಂದು ಕಲಿಸುತ್ತೇನೆ. ದೇವರಿಲ್ಲ ಎನ್ನುವ ನನ್ನ ನಿಲುವೂ ನಿಮಗೆ ಹೊಸದಲ್ಲ. (ಈ ಅಂಕಣ ಓದಿ ಪ್ರತಿ ವಾರ ಪತ್ರ ಬರೆದು ನನ್ನನ್ನು ನರಕಕ್ಕೆ ಕಳಿಸುವ ಓದುಗರಿಗೆ ನಮಸ್ಕಾರ.) ಹಾಗಾಗಿ ಯೇಸುವಿನ ಪರ ವಕಾಲತ್ತು ವಹಿಸುವ ಉದ್ದೇಶ ನನಗೆ ಖಂಡಿತ ಇರಲಿಲ್ಲ. ನಾನು ಹೋಗಿದ್ದು ಕಾರ್ಮಿನ್ ಬಾಯಿಯ ಪರವಾಗಿ.

ಕಾರ್ಮಿನ್ ಬಾಯಿ ಯಲ್ಲಾಪುರದಲ್ಲಿ ಬ್ಲೌಸ್ ಹೊಲಿಯುತ್ತಾರೆ. (ಬಾಯಿ ಅಂದರೆ ನಮ್ಮ ಕಡೆ ಕ್ರೈಸ್ತ ಹೆಂಗಸರಿಗೆ ಗೌರವದ ಸಂಬೋಧನೆ.) ಅಮ್ಮನ ಮದುವೆಯ ಬ್ಲೌಸೂ ಅವರದೇ, ನನ್ನ ಕನ್ವೊಕೇಶನ್ನಿನದೂ ಅವರದೇ. ಅಳತೆ ಕೊಡಲು ಹೋದಾಗಲೆಲ್ಲ ನಾನು ಅವರ ಧರ್ಮದ ಬಗ್ಗೆ ಕೆಣಕುತ್ತೇನೆ. ಅವರು ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡು ಹೂಂ ಅನ್ನುತ್ತಾರೆ. ಬಾಯಲ್ಲಿ ಪಿನ್ನಿರುವವರ ಜತೆ ವಾದ ಮಾಡುವುದು ಬಹಳ ಸುಖ. ಗೆದ್ದೆ ಅಂದುಕೊಂಡೇ ಮನೆಗೆ ಬರಬಹುದು.

ಈಸ್ಟರಿಗೆ ಮುಂಚೆ ಕ್ರೈಸ್ತರಿಗೆ ಕೆಲವು ವಾರ ತಪಸ್ಸಿನ ಕಾಲ. ಊಟ ಬಿಡುತ್ತಾರೆ, ಬಿಟ್ಟ ಊಟ ಇನ್ನೊಬ್ಬರ ಹೊಟ್ಟೆಗೆ ಹೋಗಬೇಕು ಅನ್ನುವುದು ಪದ್ಧತಿ. ಬಾಯಿ ಈ ವರ್ಷ ತಮ್ಮ ಮಧ್ಯಾಹ್ನದ ಊಟ ಬಿಟ್ಟರು. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಗಂಜಿ ಬೇಯಿಸಿ, ಟವೆಲ್ಲಿನಲ್ಲಿ ಸುತ್ತಿ, ಕಿರವತ್ತಿ ಬಸ್ಸು ಹತ್ತಿ, ಹೆದ್ದಾರಿ ಬದಿಯ ಒಂದು ಸಣ್ಣ ಆಸ್ಪತ್ರೆಗೆ ಒಯ್ಯತೊಡಗಿದರು. (ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಕೆಟ್ಟವರು ಯಾರೂ ಇಲ್ಲ, ಹೆದರಿದವರು ಇದ್ದಾರೆ.) ಆ ಆಸ್ಪತ್ರೆಗೆ ಅಡುಗೆಮನೆ ಇಲ್ಲ. ಕಾಲು ಮುರಿದುಕೊಂಡ ಲಾರಿ ಡ್ರೈವರುಗಳು ಬಂದು ಮಲಗುತ್ತಾರೆ. ಊರು ಎಲ್ಲೋ, ಮನೆಯವರು ಎಲ್ಲೋ. ಅಂಥವರಿಗೆ ಒಂದು ತಟ್ಟೆ ಬಿಸಿ ಗಂಜಿ, ಪಕ್ಕಕ್ಕೆ ಮಾವಿನಮಿಡಿ.

ಈಸ್ಟರ್ ಮುಗಿಯಿತು, ಗಂಜಿ ನಿಲ್ಲಲಿಲ್ಲ. ಸೀಸನ್ ಮುಗಿದ ಮೇಲೂ ಆಫರ್ ಇದೆಯಾ ಬಾಯಿ ಎಂದು ನಾನು ಕೇಳಿದ್ದಕ್ಕೆ ಪಿನ್ನುಗಳ ಸಂದಿಯಲ್ಲೇ ನಕ್ಕರು.

ಈಗ ವಿವಾದದ ವಿಷಯಕ್ಕೆ ಬರೋಣ. ವಾರ್ಡಿನಲ್ಲಿ ಮುಚ್ಚಳ ತೆಗೆದ ಕೂಡಲೇ ಬಾಯಿ ಸೌಟಿನಿಂದ ಗಂಜಿಯ ಮೇಲೆ ಒಂದು ಶಿಲುಬೆ ಗೀಚುತ್ತಾರೆ. ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ. ಗಂಜಿ ಅದನ್ನು ಆಗಲೇ ನುಂಗಿಬಿಡುತ್ತದೆ. ಆಮೇಲೆ ಬಡಿಸುತ್ತಾರೆ. ಮಾತಿಲ್ಲ, ಕತೆಯಿಲ್ಲ, ಕೈಗೊಂದು ಪುಸ್ತಕ ತುರುಕುವುದಿಲ್ಲ. ಅಷ್ಟೇ.

ಆ ಎರಡು ಗೆರೆಯನ್ನು ಯಾರೋ ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಅದು ತಾಲ್ಲೂಕಿನ ವಾಟ್ಸಪ್ ಗುಂಪುಗಳನ್ನೆಲ್ಲ ಸುತ್ತಿತು. ಜತೆಗೆ ದೊಡ್ಡದೊಂದು ಪ್ರಶ್ನೆ: ಇದು ಗಂಜಿಯೋ, ಗಾಳವೋ?

ಪ್ರಶ್ನೆ ಕೇಳಿದ್ದು ಬೇರೆ ಯಾರೋ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಕೇಳಿದ್ದು ಗಣಪಣ್ಣ, ನನ್ನ ದೊಡ್ಡಪ್ಪನ ಮಗ. ಯಲ್ಲಾಪುರ ಪೇಟೆಯಲ್ಲಿ ಪೈಪು, ಪಂಪಿನ ಅಂಗಡಿ ಇಟ್ಟಿದ್ದಾನೆ. ಅವನದೂ ಒಂದು ಗೆಳೆಯರ ಬಳಗವಿದೆ. ನಾಯಕರ ಹುಟ್ಟುಹಬ್ಬಕ್ಕೆ ಅದೇ ಆಸ್ಪತ್ರೆಗೆ ಹೋಗಿ ಹಣ್ಣು ಹಂಚುತ್ತಾರೆ. (ಫೋಟೋ ನೋಡಿರುತ್ತೀರಿ. ಒಂದು ಬಾಳೆಹಣ್ಣು, ಅದನ್ನು ಹಿಡಿದ ಏಳೆಂಟು ಕೈ, ಮಂಚದ ಮೇಲೆ ಕಣ್ಣು ಬಿಟ್ಟು ಮಲಗಿದ ರೋಗಿ.) ಆ ಹಣ್ಣಿಗೆ ಬ್ಯಾನರ್ ಇರುತ್ತದೆ. ಯಾರೂ ಅದನ್ನು ಗಾಳ ಅಂದಿಲ್ಲ.

ಜಗಳಕ್ಕೆಂದೇ ಅವನ ಅಂಗಡಿಗೆ ಹೋದೆ. ಅವನು ಚಹಾ ತರಿಸಿದ. ಕೆಟ್ಟವನಲ್ಲ, ಅದೇ ದೊಡ್ಡ ತೊಂದರೆ.

"ಗಂಜಿ ಕೊಡದು ಬ್ಯಾಡ ಹೇಳಿ ಆನು ಹೇಳಿದ್ನಿಲ್ಲೆ," ಎಂದು ನಮ್ಮ ಮನೆಮಾತಿನಲ್ಲೇ ಅಂದ. "ಆ ಗೀಚದೊಂದು ಬಿಡ್ಲಿ. ಮತ್ತೆಂತ ತಕರಾರೂ ಇಲ್ಲೆ."

ಅದನ್ನು ಗೀಚಿದರೆ ಏನಾಗುತ್ತದೆ ಎಂದು ಕೇಳಿದೆ. ಹಸಿದವನ ಮುಂದೆ ಅನ್ನ ಹಿಡಿದು ದೇವರನ್ನು ತೋರಿಸಬಾರದು, ಅವನಿಗೆ ಬೇಡ ಅನ್ನುವ ಶಕ್ತಿ ಇರುವುದಿಲ್ಲ ಎಂದ.

ಒಪ್ಪಬೇಕಾದದ್ದು ಒಪ್ಪುತ್ತೇನೆ. ಇದು ಒಳ್ಳೆಯ ವಾದ. ಎದುರು ಪಕ್ಷದಲ್ಲಿ ನಾನಿದ್ದಿದ್ದರೆ ಇದನ್ನೇ ಹೇಳುತ್ತಿದ್ದೆ. ಅದಕ್ಕೇ ಮರುದಿನ ವಾರ್ಡಿಗೆ ಹೋಗಿ ಮಲಗಿದವರನ್ನೇ ಕೇಳಿದೆ. ನಂದೊಳ್ಳಿ ಕಡೆಯ ಅಜ್ಜಿಯೊಬ್ಬರು ಇದ್ದರು. ಬೇರೆಯವರ ಕೈ ತಾಗಿದ ಆ ಗಂಜಿ ತಮಗೆ ಬೇಡ ಎಂದು ಮೊದಲ ದಿನವೇ ಅವರು ಹೇಳಿದ್ದರಂತೆ. ಬಾಯಿ ಏನು ಮಾಡಿದರು ಎಂದು ಕೇಳಿದೆ. ಮಾರನೇ ದಿನ ಬಾಳೆಹಣ್ಣು ತಂದು ದಿಂಬಿನ ಪಕ್ಕ ಇಟ್ಟು, ಸಿಪ್ಪೆ ಉಂಟು ಅಜ್ಜಿ, ನನ್ನ ಕೈ ಒಳಗೆ ಹೋಗ್ಲಿಲ್ಲ ಅಂದರಂತೆ. ಆವತ್ತಿನಿಂದ ಅಜ್ಜಿಗೆ ದಿನವೂ ಬಾಳೆಹಣ್ಣು. ಬೇಡ ಅಂದವರಿಗೂ ಹೀಗೆ ಸಿಗುವುದಾದರೆ ಅದು ಯಾವ ಸೀಮೆಯ ಗಾಳ?

ಪಕ್ಕದ ಮಂಚದಲ್ಲಿ ಬಯಲುಸೀಮೆಯ ರಫೀಕ್ ಭಾಯ್, ಲಾರಿ ಡ್ರೈವರ್, ಕಾಲಿಗೆ ತೊಡೆತನಕ ಪ್ಲಾಸ್ಟರ್. ಅವರು ಬಿಸ್ಮಿಲ್ಲಾ ಅಂದುಕೊಂಡೇ ಗಂಜಿಗೆ ಕೈ ಹಾಕುತ್ತಾರೆ. ಪಾತ್ರೆಯ ಬಾಯಲ್ಲಿ ಶಿಲುಬೆ, ರಫೀಕ್ ಭಾಯಿಯ ಬಾಯಲ್ಲಿ ಬಿಸ್ಮಿಲ್ಲಾ. ಗಂಜಿಯಿಂದ ಯಾವ ದೂರೂ ಬಂದಿರಲಿಲ್ಲ.

"ಇಷ್ಟು ದಿನ ತಿಂದೀನಿ ಮೇಡಂ," ಅಂದರು ಅವರು. "ಇನ್ನೂ ರಫೀಕೇ ಅದೀನಿ. ಬೇಕಾದ್ರ ಆಧಾರ್ ನೋಡ್ರಿ."

ಅಂತೂ ಡಾಕ್ಟರ್ ತಮ್ಮ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದರು. ಅವರು ಹುಬ್ಬಳ್ಳಿ ಕಡೆಯವರು, ಜಗಳ ಕಂಡರೆ ಬಿಪಿ ಏರುವ ಜೀವ. ಒಂದು ಕಡೆ ಗಣಪಣ್ಣ ಮತ್ತು ಅವನ ಇಬ್ಬರು ಗೆಳೆಯರು. ಇನ್ನೊಂದು ಕಡೆ ಕಾರ್ಮಿನ್ ಬಾಯಿ, ನಾನು. ಗಂಜಿ ನಿಲ್ಲಬೇಕೋ ಮುಂದುವರಿಯಬೇಕೋ ಎನ್ನುವುದು ಅಲ್ಲಿಯೇ ತೀರ್ಮಾನವಾಗಬೇಕಿತ್ತು.

ನಾನು ಶುರು ಮಾಡಿದೆ. ಗಣಪಣ್ಣ ಬೆಳಿಗ್ಗೆ ಶಟರ್ ಎತ್ತುವಾಗ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಪೈಪು ಕೊಳ್ಳಲು ಬಂದವರನ್ನು ಅದು ಮತಾಂತರಿಸಿದ್ದುಂಟಾ? ಡ್ರೈವರ್ ಸ್ಟೇರಿಂಗ್ ಮುಟ್ಟಿ ಕೈಮುಗಿಯುತ್ತಾನೆ. ಪ್ರಯಾಣಿಕರು ಬಸ್ಸಿನಿಂದ ಇಳಿದು ಓಡುತ್ತಾರಾ? ಡಾಕ್ಟರ ಮೇಜಿನ ಹಿಂದೆ ಗಣಪತಿಗೆ ಊದುಬತ್ತಿ ಹೊಗೆಯಾಡುತ್ತಿದೆ. ಅದರ ಕೆಳಗೆ ಕೂತು ಅವರು ಬರೆದುಕೊಟ್ಟ ಮಾತ್ರೆಯನ್ನು ರಫೀಕ್ ಭಾಯ್ ನುಂಗಿಲ್ಲವಾ? ಇವೆಲ್ಲ ಏನು? ಅಭ್ಯಾಸ. ಬಾಯಿಯ ಎರಡು ಗೆರೆಯೂ ಹಾಗೆಯೇ. ಕೈಗೆ ಅಂಟಿಕೊಂಡ ಅಭ್ಯಾಸ. ಅದರಲ್ಲಿ ಧರ್ಮ ಹುಡುಕಬೇಡಿ. ಅವರು ಮಾಡುತ್ತಿರುವುದು ಮನುಷ್ಯರು ಮಾಡುವ ಕೆಲಸ, ಅಷ್ಟೇ.

ಹಾಗಂದ್ರ ಬರೇ ಅಭ್ಯಾಸ ಅಂತಾತು, ಮುಗೀತಲ್ರಿ ಎಂದು ಡಾಕ್ಟರ್ ಸಮಾಧಾನದ ಉಸಿರು ಬಿಟ್ಟರು. ಗಣಪಣ್ಣನ ಒಬ್ಬ ಗೆಳೆಯ ಮೊಬೈಲು ಜೇಬಿಗಿಟ್ಟ. ನನಗೆ ಹಳೆಯ ಶೀಲ್ಡುಗಳೆಲ್ಲ ಕಣ್ಣ ಮುಂದೆ ಬಂದವು.

ಗಣಪಣ್ಣ ಮೆಲ್ಲನೆ ಕೇಳಿದ. "ಬರೀ ಅಭ್ಯಾಸ ಅಂದ್ರೆ ಬಿಡ್ಲಿಕ್ಕೂ ಬರ್ತದಲ್ಲ ಡಾಕ್ಟ್ರೇ?"

ನೋಡಿ, ಇದನ್ನು ನಾನು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ. ನಿಮ್ಮ ವಾದದ ಹಿಡಿ ಎದುರಾಳಿಯ ಕೈಗೆ ಸಿಗಬಾರದು. ನಾನೇ ಪಾಲಿಶ್ ಮಾಡಿ ಅವನ ಕೈಗಿಟ್ಟಿದ್ದೆ. ಅರ್ಥವಿಲ್ಲದ ಗೆರೆಯಾದರೆ ಬಿಟ್ಟುಬಿಡಲು ಏನು ಕಷ್ಟ?

ಡಾಕ್ಟರಿಗೆ ದಾರಿ ಸಿಕ್ಕಿತು. ಮನಸ್ಸಿನಾಗ ಮಾಡ್ಕೋರಿ ಬಾಯಿ, ದೇವರಿಗೆ ಗೊತ್ತಾಗ್ತದ, ಹೊರಗ ಯಾಕ ತೋರಿಸ್ತೀರಿ ಎಂದು ಬಹಳ ನಯವಾಗಿ ಹೇಳಿದರು.

ಕಾರ್ಮಿನ್ ಬಾಯಿ ಎದ್ದು ನಿಂತರು. ಆವತ್ತು ಬಾಯಲ್ಲಿ ಪಿನ್ನು ಇರಲಿಲ್ಲ.

"ಮನಸ್ಸಲ್ಲೇ ಗಂಜಿ ಕೊಟ್ರೆ ಹೊಟ್ಟೆ ತುಂಬ್ತದಾ ಡಾಕ್ಟ್ರೇ?"

ಅವರು ನನ್ನ ಕಡೆ ತಿರುಗಿದರು.

"ತಂಗಿ ಹೇಳಿದ್ದು ಸುಳ್ಳು. ಅಭ್ಯಾಸ ಅಲ್ಲ ಅದು. ಯೇಸು ಕೊಡು ಅಂದ, ಅದಕ್ಕೇ ತರ್ತೇನೆ. ಅವನು ಹೇಳದಿದ್ರೆ ಈ ಬಿಸಿಲಲ್ಲಿ ಪಾತ್ರೆ ಹೊತ್ಕೊಂಡು ಬರ್ಲಿಕ್ಕೆ ನಂಗೇನು ಹುಚ್ಚಾ? ಯಾರನ್ನೂ ಇಗರ್ಜಿಗೆ, ಪ್ರಾರ್ಥನೆಗೆ ಅಂತ ಕರೀಲಿಲ್ಲ, ಕರಿಯೂದೂ ಇಲ್ಲ. ಆದ್ರೆ ಯಾರ ಹೆಸರಲ್ಲಿ ಕೊಡ್ತೇನೆ ಅಂತ ಮುಚ್ಚಿಡೂದೂ ಇಲ್ಲ."

ಅಲ್ಲಿಗೆ ಮುಗಿಯಿತು. ಡಾಕ್ಟರ್ ಹಣೆ ಒರೆಸಿಕೊಂಡು, ಹಂಗಾದ್ರ ಒಳಗ ಬ್ಯಾಡ್ರಿ, ನನಗ ಆಸ್ಪತ್ರೆ ನಡಸೂದೈತಿ ಎಂದರು.

ಹೊರಗೆ ಬಂದವಳೇ ನಾನು ಬಾಯಿಯ ಮೇಲೆ ಹರಿಹಾಯ್ದೆ. ಗೆದ್ದ ಕೇಸು. ಹೂಂ ಅಂದು ಸುಮ್ಮನಿದ್ದಿದ್ದರೆ ಏನಾದರೂ ದಾರಿ ಸಿಗುತ್ತಿತ್ತು. ಎರಡು ಗೆರೆಗೋಸ್ಕರ ಅಷ್ಟು ಜನರ ಊಟ ಹೋಯಿತು. ಯಾವುದು ದೊಡ್ಡದು ನಿಮಗೆ, ಶಿಲುಬೆಯೋ ರಫೀಕ್ ಭಾಯಿಯ ಹೊಟ್ಟೆಯೋ? ಇದು ಭಕ್ತಿಯಲ್ಲ, ಹಟ ಅಂದೆ. ಬಸ್ಸು ಬರುವ ತನಕ ಅಂದೆ. ಬಾಯಿ ಟವೆಲ್ಲು ಮಡಚುತ್ತ ಎಲ್ಲ ಕೇಳಿಸಿಕೊಂಡರು. ಊಟ ಹೋಯ್ತು ಅಂತ ನಿಂಗೆ ಯಾರು ಹೇಳಿದ್ರು ಎಂದಷ್ಟೇ ಕೇಳಿ ಬಸ್ಸು ಹತ್ತಿದರು.

ಮರುದಿನ ಮಧ್ಯಾಹ್ನ ಅವರು ಆಸ್ಪತ್ರೆಯ ಗೇಟಿನೆದುರು, ಹೆದ್ದಾರಿಯ ಆಚೆ ಬದಿಯ, ಮಾಡು ಹಾರಿಹೋದ ಬಸ್ ತಂಗುದಾಣದಲ್ಲಿ ಕೂತಿದ್ದರು. ಕಲ್ಲುಬೆಂಚಿನ ಮೇಲೆ ಪಾತ್ರೆ. ಮುಚ್ಚಳ ತೆಗೆದರು. ಸೌಟಿನಿಂದ ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ. ನಡೆಯಲು ಬರುವವರು ರಸ್ತೆ ದಾಟಿ ಬಂದು ತಟ್ಟೆ ಹಿಡಿದರು.

ನಡೆಯಲು ಬಾರದವರು? ರಫೀಕ್ ಭಾಯಿಯ ಪ್ಲಾಸ್ಟರ್ ರಸ್ತೆ ದಾಟುತ್ತದಾ?

ಆ ತಟ್ಟೆಗಳನ್ನು ನಾನು ಹೊತ್ತೆ. ಕಾಲೇಜಿಗೆ ರಜೆ, ಯಲ್ಲಾಪುರದಲ್ಲೇ ಇದ್ದೇನೆ, ಕಾಲು ಗಟ್ಟಿಯಿದೆ. ರೋಗಿಗೆ ಹೊರಗಿನಿಂದ ಊಟ ತಂದುಕೊಡುವವರನ್ನು ಯಾವ ಆಸ್ಪತ್ರೆಯೂ ತಡೆಯುವುದಿಲ್ಲ, ಅದಕ್ಕೂ ಒಂದು ವಾದ ಸಿದ್ಧವಾಗಿತ್ತು. ಬೇಕಾಗಲಿಲ್ಲ. ಡಾಕ್ಟರ್ ಎದುರಿಗೇ ಬಂದರು, ತಟ್ಟೆ ನೋಡಿದರು, ದಾರಿ ಬಿಟ್ಟರು. ಎರಡನೇ ದಿನ ಗಣಪಣ್ಣ ಬೈಕು ನಿಲ್ಲಿಸಿ, ನೀನೂ ಹೊರಲೆ ಶುರು ಮಾಡಿದ್ಯನೇ, ಯಾರ ಹೆಸ್ರಲ್ಲಿ ಎಂದು ಕೇಳಿದ. ನನ್ನ ಹೆಸರಲ್ಲಿ ಅಂದೆ. ಬೇಕಾದರೆ ಅದನ್ನೂ ಗುಂಪಿಗೆ ಹಾಕು ಅಂದೆ.

ದೇವರಿದ್ದಾನೆ ಎಂದು ನನಗೆ ಇವತ್ತಿಗೂ ಅನಿಸಿಲ್ಲ. ಗಂಜಿ ಹೊತ್ತರೆ ಅನಿಸುತ್ತದೆ ಎಂದು ಯಾರಾದರೂ ಕಾಯುತ್ತಿದ್ದರೆ ಕಾಯಲಿ. ಆದರೆ ಆ ಕೋಣೆಯಲ್ಲಿ ನಾನು ಮಾಡಿದ್ದೇನು? ಬಾಯಿಯ ಒಳ್ಳೆಯತನವನ್ನು ಉಳಿಸಲು ಅವರ ನಂಬಿಕೆಯನ್ನು ತೊಳೆದು ಹಾಕಲು ಹೋದೆ. ಗಣಪಣ್ಣ ಕೇಳಿದ್ದೂ ಅದನ್ನೇ. ಅವನು ಬಿಡಿ ಅಂದ, ನಾನು ಇಲ್ಲವೇ ಇಲ್ಲ ಅಂದೆ. ನನ್ನದು ಸ್ವಲ್ಪ ನಾಜೂಕು, ಅಷ್ಟೇ ವ್ಯತ್ಯಾಸ.

ನಮಗೆಲ್ಲ ಇದೊಂದು ಚಾಳಿ. ನರ್ಸಮ್ಮನ ಆರೈಕೆ ಬೇಕು, ಕಾನ್ವೆಂಟಿನ ಇಂಗ್ಲಿಷು ಬೇಕು, ಕಾರ್ಮಿನ್ ಬಾಯಿಯ ಗಂಜಿ ಬೇಕು. ಬೆಳಕು ಧಾರಾಳವಾಗಿ ಬರಲಿ, ಎಲ್ಲಿಂದ ಬಂತು ಅಂತ ಮಾತ್ರ ಹೇಳಬೇಡಿ. ಹೇಳದೇ ಇದ್ದರೆ ಅವರು ತುಂಬ ಒಳ್ಳೆಯವರು, ನಮ್ಮವರ ಹಾಗೇ! ಹೇಳಿದರೆ ಗೇಟಿನಿಂದ ಆಚೆ. ಬಾಯಿ ಆವತ್ತು ಒಂದೇ ಒಂದು ಸುಳ್ಳಿಗೆ ಹೂಂ ಅಂದಿದ್ದರೆ ಇವತ್ತು ವಾರ್ಡಿನ ಫ್ಯಾನಿನ ಕೆಳಗೆ ಬಡಿಸುತ್ತಿದ್ದರು. ನಿಜ ಹೇಳಿದ್ದಕ್ಕೆ ರಸ್ತೆಯ ಧೂಳಿನಲ್ಲಿ ಕೂತಿದ್ದಾರೆ. ಸುಳ್ಳಿಗೆ ನೆರಳು, ನಿಜಕ್ಕೆ ಬಿಸಿಲು ಕೊಟ್ಟ ನಾವು ಅವರಿಗೆ ಯಾವ ಧರ್ಮ ಹೇಳಿಕೊಡಲು ಹೊರಟಿದ್ದೇವೆ?

ನಿನ್ನೆ ಅಂಕೋಲೆ ಕಡೆ ಹೊರಟ ಲಾರಿಯೊಂದು ನಿಂತಿತು. ರಫೀಕ್ ಭಾಯಿಯ ಪರಿಚಯದವರಂತೆ. ಮಾತಾಡಿಸಲು ಬಂದವರು ಕಾರ್ಮಿನ್ ಬಾಯಿ ಪಾತ್ರೆಯ ಮುಚ್ಚಳ ತೆಗೆಯುವುದನ್ನು ನಿಂತು ನೋಡಿ, ಅದೇನು ಗೀಚಿದ್ದು ಎಂದು ಕೇಳಿದರು. ಬಾಯಿ ಹೇಳಿದರು. ವಾರ್ಡಿನೊಳಗೆ ಇದ್ದಷ್ಟು ದಿನ ಅದನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಈಗ ಹುಬ್ಬಳ್ಳಿಯ ಬಸ್ಸು, ಅಂಕೋಲೆಯ ಲಾರಿ, ಮದುವೆ ದಿಬ್ಬಣದ ಟೆಂಪೊ, ಎಲ್ಲವೂ ಆ ತಂಗುದಾಣದ ಮುಂದೆಯೇ ಹಾಯಬೇಕು.

ಡಾಕ್ಟ್ರೇ, ಗಣಪಣ್ಣಾ, ಗೇಟು ತೆಗೆಸುತ್ತೀರಾ, ಅಥವಾ ಆ ಎರಡು ಗೆರೆಯನ್ನು ಇಡೀ ಹೆದ್ದಾರಿಯೇ ನೋಡಲಿ ಅಂತೀರಾ?