ಮೊಟ್ಟೆ ಇಡದ ಕೋಳಿಗೆ ಚಿಪ್ಪಿನ ಪುಡಿ

ಶೆಡ್ಡಿನ ಬಾಗಿಲು ತೆಗೆದರೆ ಬ್ರಾಯ್ಲರ್ ಕೋಳಿಗಳು ಕಾಲಿಗೆ ಮುತ್ತಬೇಕು. ಮೇವು ಬಂತು ಅಂತ ಒಂದರ ಮೇಲೊಂದು ಬೀಳಬೇಕು. ಮೊನ್ನೆ ಮುಂಡಗೋಡ ತಾಲ್ಲೂಕಿನ ಸನವಳ್ಳಿಯಲ್ಲಿ ಖದೀಜಾಬಿ ಬಾಗಿಲು ತೆಗೆದರು. ಅರ್ಧಕ್ಕರ್ಧ ಕೋಳಿಗಳು ಕೂತಲ್ಲೇ ಕೂತಿದ್ದವು. ಕೆಲವು ರೆಕ್ಕೆ ಊರಿಕೊಂಡು ತೆವಳಿದವು.

ಖದೀಜಾಬಿ ದಾಂಡೇಲಿಯಲ್ಲಿ ನಮ್ಮ ಪಕ್ಕದ ಮನೆಯವರಾಗಿದ್ದರು. ಗಂಡ ಪೇಪರ್ ಮಿಲ್ಲಿನಲ್ಲಿದ್ದರು. ಅವರು ತೀರಿಕೊಂಡ ಮೇಲೆ ಈಕೆ ತವರಿಗೆ ಬಂದು ಕೋಳಿ ಶೆಡ್ ಹಾಕಿದರು. ಮರಿ ಕಂಪನಿಯದು, ಮೇವು ಕಂಪನಿಯದು, ಔಷಧವೂ ಕಂಪನಿಯದು. ಸಾಕುವ ಕಷ್ಟ ಮಾತ್ರ ಈಕೆಯದು. ಕಂಪನಿ ಮರಿ ಕೊಡುವುದು ನಿಲ್ಲಿಸಿದರೆ ಮನೆಯ ಒಲೆ ಉರಿಯುವುದಿಲ್ಲ.

ಆಗಿದ್ದಿಷ್ಟು. ಕಂಪನಿಯ ಸೂಪರ್‌ವೈಸರ್ ಟೆಂಪೋದಲ್ಲಿ ಕಡಲಚಿಪ್ಪಿನ ಪುಡಿಯ ಚೀಲಗಳನ್ನು ತಂದು ಇಳಿಸಿದ. ಮೇವಿಗೆ ಕಲಸಿ, ಕಾಲಿಗೆ ಬಲ ಬರುತ್ತದೆ ಅಂದ. ಹಳಿಯಾಳ ಕಡೆಯ ಒಂದು ಮೊಟ್ಟೆ ಕೋಳಿ ಫಾರ್ಮಿನಲ್ಲಿ ಉಳಿದುಹೋದ ಮಾಲು ಅದು. ಮೊಟ್ಟೆ ಇಡುವ ಕೋಳಿಗೆ ಸುಣ್ಣದಂಶ ಜಾಸ್ತಿ ಬೇಕು, ಸರಿ. ನಾವು ತಿನ್ನುವ ಬ್ರಾಯ್ಲರ್ ಯಾವತ್ತಾದರೂ ಮೊಟ್ಟೆ ಇಡುವಷ್ಟು ದಿನ ಬದುಕಿದೆಯೇ?

ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಬಿಡಿಸಿ ಹೇಳಿದರು. ಗೋವಿನಜೋಳ, ಸೋಯಾ ಹಿಂಡಿಯಲ್ಲಿ ಮೂಳೆ ಗಟ್ಟಿಮಾಡುವ ರಂಜಕ ಇರುತ್ತದೆ, ಆದರೆ ಅದರಲ್ಲಿ ಬಹುಪಾಲು ಕೋಳಿಯ ಹೊಟ್ಟೆಗೆ ದಕ್ಕುವುದಿಲ್ಲ. ಅದನ್ನು ಬಿಡಿಸಿಕೊಡಲೆಂದೇ ಮೇವಿನಲ್ಲಿ ಎಂಜೈಮ್ ಸೇರಿಸಿರುತ್ತಾರೆ. ಮೇಲಿಂದ ಸುಣ್ಣ ಸುರಿದರೆ ಎಂಜೈಮ್ ಕೆಲಸ ಕೆಡುತ್ತದೆ, ರಂಜಕ ಸಿಗುವುದಿಲ್ಲ, ಮೂಳೆ ಮೆತ್ತಗಾಗುತ್ತದೆ. ಅಂದರೆ ಕಾಲಿಗೆ ಬಲ ಅಂತ ಹಾಕಿದ್ದೇ ಕಾಲು ಮುರಿಯಿತು.

ಒಳ್ಳೆಯದು ಅಂದಮೇಲೆ ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದು ಅನ್ನುವ ಹುಚ್ಚು ನಮಗೆಲ್ಲ ಇದೆ. ದಾಂಡೇಲಿಯಲ್ಲಿ ಮಂಡಿನೋವು ಅಂದರೆ ಸಾಕು, ಮೆಡಿಕಲ್ ಶಾಪಿನವನು ಕ್ಯಾಲ್ಸಿಯಂ ಡಬ್ಬಿ ಮುಂದಿಡುತ್ತಾನೆ. (ನನ್ನ ಮನೆಯಲ್ಲೂ ಒಂದಿದೆ.) ಆದರೆ ನನ್ನ ಹುಚ್ಚು ನನ್ನ ಹೊಟ್ಟೆಗೆ. ಈ ಸೂಪರ್‌ವೈಸರ್ ಟ್ರೈನಿಂಗ್ ತಗೊಂಡವನು, ಸಂಬಳ ತಗೊಳ್ಳುವವನು. ಇವನಿಗೆ ಗೊತ್ತಿರಲಿಲ್ಲವೇ?

ನಾನು ಅಲ್ಲಿದ್ದಾಗಲೇ ಆತ ಬಂದ. ಕೋಳಿ ನೋಡಿದ, ಮುಖ ಗಂಟಿಕ್ಕಿದ. ಮೇವಿಗೆ ಏನೇನೋ ಕಲಸಿ ಬ್ಯಾಚ್ ಹಾಳುಮಾಡಿದ್ದಾರೆ, ಇನ್ನು ಇವರಿಗೆ ಮರಿ ಕೊಡುವುದಿಲ್ಲ ಅಂತ ನನ್ನೆದುರೇ ಹೇಳಿದ. ಖದೀಜಾಬಿ ಚೀಲ ಎಳೆದು ತಂದು ಅವನ ಮುಂದೆ ಇಟ್ಟರು.

"ಇದನ್ನ ನೀವಾ ತಂದ ಕೊಟ್ಟಿದ್ದಿರಿ. ನೀವಾ ಹಾಕ್ರಿ ಅಂದ್ರಿ."

"ನಾ ಎಲ್ಲಿ ಹೇಳೇನ್ರಿ? ನಿಮ್ಮ ಮನಸಿಗೆ ಬಂದಂಗ ಹಾಕೀರಿ."

ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದು ಅಂದೆ. ಅವನು ಹೆಲ್ಮೆಟ್ ಹಾಕಿಕೊಂಡು ಹೋದ. ಕೇಳಿಸಿತೋ ಇಲ್ಲವೋ!

ಅದೇ ಸಿಟ್ಟಿನಲ್ಲಿ ಪಕ್ಕದ ಶೆಡ್ಡಿನ ಫಕ್ಕೀರಪ್ಪನ ಹತ್ತಿರ ಹೋದೆ. ಅವನಿಗೂ ಅದೇ ಕಂಪನಿ, ಅದೇ ಸೂಪರ್‌ವೈಸರ್. ಆತ ಬುಟ್ಟಿಯಲ್ಲಿ ಅದೇ ಪುಡಿಯನ್ನು ಮೇವಿಗೆ ಕಲಸುತ್ತ ಕೂತಿದ್ದ. ಹೊಸ ಮರಿಗಳು ಕಾಲ ಸುತ್ತ ಚಿಂವ್‌ಗುಡುತ್ತಿದ್ದವು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಖದೀಜಾಬಿಯ ಕೋಳಿ ನೋಡಿ ಬಾ ಅಂದೆ. ಆತ ಆಗಲೇ ನೋಡಿ ಬಂದಿದ್ದನಂತೆ. ಮತ್ತೆ ಯಾಕೆ ಕಲಸುತ್ತೀ ಮಾರಾಯಾ?

"ನೀವು ಹೇಳೂದು ಖರೇ ಐತ್ರಿ" ಅಂದ, ಕೈ ನಿಲ್ಲಿಸದೆ. "ಆದ್ರ ನಾ ಒಲ್ಲೆ ಅಂದ್ರ, ಮುಂದಿನ ಸಲ ನನಗ ಮರಿ ಯಾರ ಕೊಡ್ತಾರ್ರಿ, ನೀವು ಕೊಡ್ತೀರೇನು?"