ಮೊಳೆ ಕೊಟ್ಟದ್ದನ್ನು ಕಾಣಿಸಿದವರು

ಸಂಜೆ ಕಾಲೇಜಿನ ರಸಾಯನಶಾಸ್ತ್ರ ಅಧ್ಯಾಪಕರಲ್ಲಿ ನಮ್ಮ ಮೇಡಂ ಅವರಿಗೆ ಬೇರೆಯೇ ಸ್ಥಾನವಿದೆ. ಹಗಲೆಲ್ಲ ದುಡಿದು ದಣಿದು ಬಂದವರಿಗೆ ಪರಮಾಣುವಿನ ಒಳಗಿನ ಕೊಡು-ಕೊಳ್ಳುವಿಕೆಯನ್ನು ತಿಳಿಸುವುದು ಸುಲಭವಲ್ಲ. ಅದನ್ನು ನಿವೃತ್ತಿಯ ದಿನದವರೆಗೂ ಬೇಸರಿಸದೆ ಮಾಡಿದವರು ಅವರು. ಅವರ ಕುರಿತು ಬರೆಯಲು ನನಗಿಂತ ಅರ್ಹರು ಅನೇಕರಿದ್ದಾರೆ. ಈ ಅಭಿನಂದನ ಸಂಚಿಕೆಯ ಸಂಪಾದಕರ ಒತ್ತಾಯಕ್ಕೆ ಒಪ್ಪಿದ್ದೇನೆ. ಇಲ್ಲಿ ತಪ್ಪಿದ್ದರೆ ಅದು ನನ್ನದು, ಅವರ ಪಾಠದ್ದಲ್ಲ.

ಕಾಲೇಜಿಗೆ ಬಂದ ಹೊಸದರಲ್ಲೇ ಅವರು ಹಾಜರಿ ಕರೆಯುವುದನ್ನು ತರಗತಿಯ ಕೊನೆಗೆ ಬದಲಿಸಿದರು. ಪಾಳಿ ಮುಗಿಸಿ ಏದುಸಿರು ಬಿಡುತ್ತ ಓಡಿಬರುವವರು ಗೈರುಹಾಜರಾಗಬಾರದೆಂಬುದು ಅವರ ಕಾಳಜಿ. ಹಾಗೆ ಬಂದವರಿಗಾಗಿ ಪಾಠದ ಸಾರವನ್ನು ಮುಖ ಸಿಂಡರಿಸದೆ ಮತ್ತೊಮ್ಮೆ ಹೇಳುತ್ತಿದ್ದರು.

ನಾನು ಆಗ ಲೋಹಲೇಪನದ, ಅಂದರೆ ಗಿಲೀಟು ಹಾಕುವ, ಕಾರ್ಖಾನೆಯಲ್ಲಿ ತೊಟ್ಟಿಗಳ ಬಳಿ ಕೆಲಸಕ್ಕಿದ್ದೆ. ಆಮ್ಲದ ಹೊಗೆಗೆ ಎದೆ ಹಿಡಿದುಕೊಳ್ಳುತ್ತಿತ್ತು. ಪರೀಕ್ಷೆ ಪಾಸಾದರೆ ಕಾರ್ಖಾನೆಯ ಪ್ರಯೋಗಾಲಯಕ್ಕೆ ಬಡ್ತಿ. ಇಲ್ಲದಿದ್ದರೆ ತೊಟ್ಟಿಯೇ ಗತಿ. ಆದರೆ ಉತ್ಕರ್ಷಣ, ಅಪಕರ್ಷಣ ತಲೆಗೆ ಹತ್ತುತ್ತಿರಲಿಲ್ಲ. ಆಮ್ಲಜನಕ ಸೇರಿದರೆ ಉತ್ಕರ್ಷಣ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಇಲ್ಲಿ ಆಮ್ಲಜನಕದ ಸುಳಿವೇ ಇಲ್ಲದ ಕ್ರಿಯೆಗೂ ಅದೇ ಹೆಸರು. ಇದು ನನ್ನಂಥವರಿಗಲ್ಲ, ಕಾಲೇಜು ಬಿಟ್ಟುಬಿಡೋಣ ಎಂದು ನಿಶ್ಚಯಿಸಿಯೇ ಆ ಸಂಜೆ ಹೋಗಿದ್ದೆ.

ತಾಮ್ರದ ಲವಣವಾದ ಮೈಲುತುತ್ತದ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟಿದ್ದೆವು. ಮೊಳೆಯ ಮೇಲೆ ತಾಮ್ರ ಕೂತಿತು. ಎಲೆಕ್ಟ್ರಾನ್ ಪಡೆದದ್ದು ಯಾವುದು ಎಂದು ಮೇಡಂ ನನ್ನನ್ನು ಕೇಳಿದರು.

"ಮೊಳೆ, ಮೇಡಂ. ಅದಕ್ಕೇ ತಾನೆ ತಾಮ್ರ ಬಂದಿರೋದು?"

ಹಿಂದಿನ ಬೆಂಚಿನ ಬಸ್ ಕಂಡಕ್ಟರ್ ಬಿಡಲಿಲ್ಲ. "ನಮ್ಮ ಗಿಲೀಟಪ್ಪನ ಕಣ್ಣಿಗೆ ಹೊಳೆಯೋದೆಲ್ಲ ಲಾಭ, ಮೇಡಂ!"

ತರಗತಿ ಗೊಳ್ಳೆಂದಿತು. ಮೇಡಂ, "ತಡೀರಿ ಕಂಡಕ್ಟರ್ ಸಾಹೇಬ್ರೇ, ಅವರ ಸ್ಟಾಪ್ ಇನ್ನೂ ಬಂದಿಲ್ಲ" ಎಂದು ನನ್ನ ಕಡೆ ತಿರುಗಿದರು. "ನಿಮ್ಮ ತೊಟ್ಟೀಲಿ ತಾಮ್ರ ಕೂರಬೇಕಾದ್ರೆ ಏನ್ಮಾಡ್ತೀರಿ?"

"ಸ್ವಿಚ್ ಹಾಕ್ತೀವಿ."

"ತಂತಿಯಿಂದ ಏನು ಬರುತ್ತೆ?"

"ಎಲೆಕ್ಟ್ರಾನ್."

"ಇಲ್ಲಿ ತಂತಿ ಎಲ್ಲಿದೆ?"

ಗಾಜಿನ ಲೋಟದ ಸುತ್ತ ನೋಡಿದೆ. ತಂತಿಯೂ ಇಲ್ಲ, ಸ್ವಿಚ್ಚೂ ಇಲ್ಲ. "ಹಾಗಾದ್ರೆ... ಮೊಳೆಯೇ ಕೊಡ್ತಾ, ಮೇಡಂ?"

"ಹೂಂ. ಕೊಟ್ಟ ಕಬ್ಬಿಣ ನೀರಿಗಿಳೀತು. ಪಡೆದ ತಾಮ್ರ ಬಂದು ಮೇಲೆ ಕೂತಿತು. ನೀಲಿ ಯಾಕೆ ಹಸಿರಿಗೆ ತಿರುಗ್ತಿದೆ, ಈಗ ನೋಡಿ."

ಎಲೆಕ್ಟ್ರಾನ್ ಕೊಡುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ. ಒಂದು ನಡೆದಲ್ಲಿ ಇನ್ನೊಂದು ನಡೆಯಲೇಬೇಕು. ನನ್ನ ಕಸುಬಿನಿಂದ ಹುಟ್ಟಿದ ತಪ್ಪನ್ನು ಅವರು ನನ್ನ ಕಸುಬಿನಿಂದಲೇ ತಿದ್ದಿದ್ದರು. ಹೊರಡುವಾಗ, ಇನ್ನು ಬರಬಾರದು ಅಂದುಕೊಂಡಿದ್ದೆ ಎಂದು ಹೇಗೋ ಬಾಯಿಬಿಟ್ಟೆ. "ಚೆನ್ನಾಗಿದೆ! ಹಾಗಾದ್ರೆ ನಾಳೆ ಲೋಟ ತೊಳೆಯೋರು ಯಾರು?" ಎಂದು ಬ್ರಷ್ ಕೈಗಿಟ್ಟರು. ಮರುದಿನ ಹೋದೆ. ಪಾಸಾದೆ. ಈಗ ತೊಟ್ಟಿಯ ದ್ರಾವಣಗಳನ್ನು ಗಾಳಿ ಬೆಳಕಿರುವ ಕೋಣೆಯಲ್ಲಿ ಕೂತು ಪರೀಕ್ಷಿಸುತ್ತೇನೆ, ಒಂದೊಂದನ್ನೂ ಎರಡೆರಡು ಸಲ.

ಮೇಡಂ ಅವರ ಕಣ್ಣು, ಕೈ, ಕಂಠ ಬಹುಕಾಲ ಗಟ್ಟಿಯಾಗಿರಲಿ. ದುಡಿಯುವವರಿಗಾಗಿ ಅವರು ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಆರಂಭಿಸಲಿರುವ ಪಾಠಕ್ಕೆ ವಿದ್ಯಾರ್ಥಿಯಾಗಿ ಹೆಸರು ಬರೆಸಿದ್ದೇನೆ. ನನ್ನ ಹಳೆಯ ಜಾಗದಲ್ಲಿ ಈಗ ಆಮ್ಲದ ಹೊಗೆ ಕುಡಿಯುತ್ತಿರುವ ಹೆಣ್ಣುಮಗಳೂ ಕಲಿಯಬೇಕೆನ್ನುತ್ತಿದ್ದಾಳೆ. ನನಗಿನ್ನೂ ಕ್ರೋಮಿಯಂ ಲೇಪನ ಸರಿಯಾಗಿ ಅರ್ಥವಾಗಿಲ್ಲ. ಇಬ್ಬರೂ ಬರುತ್ತೇವೆ, ಮೇಡಂ.