ಮೊರದಲ್ಲಿ ಒಣಗಿದ ಆರು ಸ್ಲೈಡು

ನೇಲ್‌ಪಾಲಿಶ್ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಇವತ್ತು ಬೆಳಿಗ್ಗೆ ಸಿಂದಗಿಯಲ್ಲಿ, ಅವ್ವನ ತಂಗಿ ಚಿಗವ್ವನ ಮನೆಯ ಕಟ್ಟೆಯ ಮೇಲೆ ಅವಳ ಮಗಳು ಕಾಲು ಚಾಚಿ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಪಾಪ, ಅವಳದೇನೂ ತಪ್ಪಿಲ್ಲ. ಆದರೂ ನಾನು ಚಹಾದ ಕಪ್ಪು ಹಿಡಿದು ಒಳಗೆ ಎದ್ದು ಹೋದೆ.

ನನಗೆ ನೇಲ್‌ಪಾಲಿಶ್ ಎಂದರೆ ಲ್ಯಾಬಿನ ಸಾಮಾನು. ಎಂಎಸ್ಸಿಯ ಕೊನೆಯ ವರ್ಷ ಜೀವಕೋಶದೊಳಗಿನ ಆಕ್ಟಿನ್ ಎಳೆಗಳಿಗೆ ಬಣ್ಣ ಹಾಕುತ್ತಿದ್ದೆ. ಕೋಶಕ್ಕೆ ಆಕಾರ ಕೊಡುವ ಈ ಎಳೆಗಳು ಸಾದಾ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ವಿಷದ ಅಣಬೆಯೊಂದರಲ್ಲಿ ಸಿಗುವ ಪದಾರ್ಥ ಅವಕ್ಕೆ ಬಿಗಿಯಾಗಿ ಅಂಟುತ್ತದೆ. ಅದಕ್ಕೆ ಹೊಳೆಯುವ ಬಣ್ಣ ಜೋಡಿಸಿದರೆ ತಕ್ಕ ಬೆಳಕಿನಲ್ಲಿ ಎಳೆಗಳು ಹಸಿರಾಗಿ ಮಿನುಗುತ್ತವೆ. ಕೋಶಗಳಿರುವ ಸ್ಲೈಡಿನ ಮೇಲೆ ತೆಳು ಗಾಜು ಮುಚ್ಚಿ ಅಂಚಿಗೆ ನೇಲ್‌ಪಾಲಿಶ್ ಬಳಿದರೆ ಕೆಲಸ ಮುಗಿಯಿತು. ಮುಗಿಯಿತು ಎಂದರೆ, ಕಾಯುವ ಕೆಲಸ ಶುರುವಾಯಿತು. ಬೆಳಕು ಬಿದ್ದರೆ ಆ ಹೊಳಪು ಸಾಯುತ್ತದೆ.

ಹೊಳಪು ಕಾಣಿಸುವ ಯಂತ್ರ ನಮ್ಮಲ್ಲಿರಲಿಲ್ಲ. ವಿಜಯಪುರದಿಂದ ಕಲಬುರಗಿಗೆ ಹೋಗಬೇಕು, ಒಂದು ತಾಸಿನ ಸರದಿಗೆ ತಿಂಗಳೊಪ್ಪತ್ತು ಕಾಯಬೇಕು. ನನ್ನ ಸರದಿ ಬಂದಾಗ ಪ್ರಬಂಧ ಸಲ್ಲಿಸಲು ಎರಡೇ ವಾರ ಉಳಿದಿತ್ತು. ಆ ಚಿತ್ರಗಳಿಲ್ಲದೆ ಅದರಲ್ಲಿ ಏನೂ ಇರಲಿಲ್ಲ. ದಾರಿಯಲ್ಲೇ ಇರುವ ಸಿಂದಗಿಯಲ್ಲಿ ಒಂದು ದಿನ ಇಳಿದುಕೊಂಡೆ. ಫಾಯಿಲ್ ಸುತ್ತಿದ ಸ್ಲೈಡುಗಳ ಡಬ್ಬಿಯನ್ನು ಚಿಗವ್ವನ ಫ್ರಿಜ್ಜಿನಲ್ಲಿಟ್ಟು, ಮುಟ್ಟಬೇಡ ಎಂದೆ. ಯಾಕೆಂದು ಹೇಳಲಿಲ್ಲ. ಯಾಕೆಂದು ಹೇಳುವ ಅಭ್ಯಾಸ ನನಗಿಲ್ಲ.

ನೀವು ನಮ್ಮ ಕಡೆಯವರಾದರೆ ದಸರೆಯ ಮುಂಚಿನ ವಾರ ಹೇಗಿರುತ್ತದೆಂದು ಬಲ್ಲಿರಿ. ಒಗೆಯಬಹುದಾದದ್ದನ್ನೆಲ್ಲ ಒಗೆಯಬೇಕು, ಒಗೆಯಲಾಗದ್ದಕ್ಕೆ ಬಿಸಿಲು ತೋರಿಸಬೇಕು. ಗೆಳತಿಯನ್ನು ನೋಡಲು ದೇವರ ಹಿಪ್ಪರಗಿಗೆ ಹೋಗಿ ಮಧ್ಯಾಹ್ನ ಮರಳಿದಾಗ ಮಾಳಿಗೆಯ ಮೇಲೆ, ಹಗ್ಗಕ್ಕೆ ಹಾಕಿದ, ಹಳೆ ಸೀರೆ ಹೊಲಿದ ಕೌದಿಗಳ ಪಕ್ಕ ಒಂದು ಮೊರ. ಮೊರದಲ್ಲಿ ಸಾಲಾಗಿ ನನ್ನ ಆರು ಸ್ಲೈಡು. ಕಾಗೆ ಕಚ್ಚಿಕೊಂಡು ಹೋಗದಿರಲೆಂದು ಮೇಲೆ ತೆಳ್ಳನೆಯ ಬಟ್ಟೆ ಬೇರೆ.

ಫ್ರಿಜ್ ತೊಳೆಯಲು ಡಬ್ಬಿ ಹೊರತೆಗೆದಿದ್ದಳಂತೆ. ಗಾಜುಗಳು ಬೆವರಿದ್ದವು, ನೇಲ್‌ಪಾಲಿಶ್ ಹಸಿ ವಾಸನೆ ಹೊಡೆಯುತ್ತಿತ್ತು, ಒಣಗಲಿ ಎಂದು ಹಾಕಿದಳಂತೆ. ಉಪಕಾರ ಮಾಡಿದವಳ ದನಿ.

“ಮುಟ್ಟಬ್ಯಾಡ ಅಂದಿದ್ನಲ್ಲ ಚಿಗವ್ವ?”

“ಬರೇ ಮುಟ್ಟಬ್ಯಾಡ ಅಂದ್ರ? ಮಡಿ ಅದಾವೇನು ಅವು? ಬಿಸಲು ಆಗಂಗಿಲ್ಲ ಅಂತ ಒಂದ್ ಮಾತ ಹೇಳಿದ್ರ ನಿನ್ನ ಬಾಯಿ ಸವೀತಿತ್ತೇನು?”

ಮರುದಿನ ಕಲಬುರಗಿಯಲ್ಲಿ ಐದು ಸ್ಲೈಡುಗಳಲ್ಲಿ ಬರೀ ಕತ್ತಲೆ. ಆರನೆಯದರ ಮೇಲೆ ಕೌದಿಯ ನೆರಳು ಬಿದ್ದಿತ್ತೋ ಏನೋ, ಒಂದು ಮೂಲೆಯಲ್ಲಿ ಮಂಕಾಗಿ ಎಳೆಗಳು ಕಂಡವು. ಪ್ರಬಂಧಕ್ಕೆ ಸಿಕ್ಕಿದ್ದು ಅದೊಂದೇ ಚಿತ್ರ. ಉಳಿದವು ಎಲ್ಲಿ ಎಂದು ಪರೀಕ್ಷಕರು ಕೇಳಿದರು. ದಸರೆ ಎಂದು ಹೇಗೆ ಹೇಳಲಿ? ಪ್ರಬಂಧವನ್ನು ಹಿಂದಿರುಗಿಸಿದರು, ನನ್ನ ಆರು ತಿಂಗಳು ಹೋದವು.

ಈಗ ಪಿಎಚ್‌ಡಿ. ಮತ್ತೆ ಕಲಬುರಗಿಯ ದಾರಿ, ಮತ್ತೆ ದಸರೆಯ ಮುಂಚಿನ ವಾರ, ಮತ್ತೆ ಅದೇ ಫ್ರಿಜ್ಜಿನಲ್ಲಿ ಹೊಸ ಡಬ್ಬಿ. ಬುದ್ಧಿ ಬಂದಿಲ್ಲವೆಂದು ನೀವೆನ್ನಬಹುದು. ಇವತ್ತು ಚಹಾದ ಕಪ್ಪು ಹಿಡಿದು ಒಳಗೆ ಹೋದಾಗ ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ಫೋನಿನಲ್ಲಿ ಆ ಒಂದೇ ಚಿತ್ರ ತೆಗೆದು ಅವಳ ಮುಂದೆ ಹಿಡಿದೆ. ಎಳೆ, ಅಣಬೆ, ಬೆಳಕು, ಎಲ್ಲ ಹೇಳಿದೆ. ಹಿಟ್ಟಿನ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದಳು.

“ಕೌದಿಗಿ ಹಾಕಿದ ಹೊಲಿಗಿ ಇದ್ದಂಗ ಅದಾವಲ್ಲ. ಇಷ್ಟ್ ಚೆಂದಂದು ನನ್ನ ಕೈಲೆ ಸುಡಿಸಿದಿ ನೋಡು.”

ತಪ್ಪು ಮತ್ತೆ ನನ್ನದೇ ಆಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಮಗಳನ್ನು ಕರೆದು, ಬಿಸಿಲಿಗೆ ಹಾಕಬಾರದು ಎಂದು ಚೀಟಿ ಬರೆಸಿ ಡಬ್ಬಿಗೆ ಅಂಟಿಸಿದಳು. ಚೀಟಿಯ ಮೂಲೆಗೆ ಹುಡುಗಿಯ ಹಸಿ ನೇಲ್‌ಪಾಲಿಶ್ ಮೆತ್ತಿಕೊಂಡಿತ್ತು. ನಾನು ಒರೆಸಲಿಲ್ಲ.